ಚೌಕವೂ ಒಂದು ಆಯತವೇ: ಶಂಕರಪೋಳಿ ಮಣೆಯ ಮೇಲೆ ಚತುರ್ಭುಜಗಳು

ಹೋದ ದೀಪಾವಳಿಗೆ ಎರಡು ದಿನ ಮೊದಲು ಎದುರು ಮನೆಯ ಹುಡುಗಿ ಗಣಿತದ ಉತ್ತರಪತ್ರಿಕೆ ಹಿಡಿದುಕೊಂಡು ಸೀದಾ ನಮ್ಮ ಅಡುಗೆಮನೆಗೆ ಬಂದಳು. ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ನಾಲ್ಕೈದು ಕನ್ನಡ ಮನೆಗಳಿವೆ. ಅವಳದ್ದು ಅದರಲ್ಲೊಂದು. ಎಂಟನೇ ಕ್ಲಾಸು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಒಂದು ಪ್ರಶ್ನೆಗೆ ಅಂಕ ಹೋಗಿತ್ತು. 'ಪ್ರತಿಯೊಂದು ಚೌಕವೂ ಆಯತ. ಸರಿಯೋ, ತಪ್ಪೋ?' ಇವಳು 'ತಪ್ಪು' ಎಂದು ಬರೆದಿದ್ದಳು.

"ಆಂಟಿ, ಚೌಕ ಬೇರೆ, ಆಯತ ಬೇರೆ ಅಲ್ವಾ? ಎರಡಕ್ಕೂ ಬೇರೆ ಬೇರೆ ಹೆಸರಿದೆ. ಚಿತ್ರವೂ ಬೇರೆ. ಮತ್ತೆ ಅದು ಇದು ಹೇಗಾಗುತ್ತೆ?"

ಒಳ್ಳೆಯ ಪ್ರಶ್ನೆ. ಚತುರ್ಭುಜಗಳ ಪಾಠದಲ್ಲಿ ಮಕ್ಕಳು ಎಡವುವುದು ಹೆಚ್ಚಾಗಿ ಇಲ್ಲಿಯೇ. ಗುಣಗಳ ಪಟ್ಟಿಯನ್ನು ಬಾಯಿಪಾಠ ಮಾಡಿರುತ್ತಾರೆ. ಆದರೆ ಒಂದು ಹೆಸರು ಇನ್ನೊಂದರ ಒಳಗೆ ಹೇಗೆ ಕೂರುತ್ತದೆ ಎಂದು ಯಾರೂ ಕೂತು ತೋರಿಸಿರುವುದಿಲ್ಲ.

ಮೊದಲು ಪದಗಳ ಗೊಂದಲ ಬಿಡಿಸಬೇಕು. ಮುಂಬಯಿ ಕಡೆಯ ಕನ್ನಡ ಮಕ್ಕಳಿಗೆ ಇದು ಸ್ವಲ್ಪ ಜಾಸ್ತಿಯೇ ಇದೆ. ಕನ್ನಡದಲ್ಲಿ ಚೌಕ ಎಂದರೆ ನಾಲ್ಕು ಬಾಹು ಸಮ, ನಾಲ್ಕು ಮೂಲೆ ನೇರ. ಪಠ್ಯಪುಸ್ತಕದಲ್ಲಿ ಇದನ್ನೇ ವರ್ಗ ಎನ್ನುತ್ತಾರೆ. ಮರಾಠಿಯಲ್ಲಿ 'ಚೌಕೋನ' ಎಂದರೆ ನಾಲ್ಕು ಮೂಲೆಯ ಯಾವ ಆಕೃತಿಯಾದರೂ ಸರಿ, ಅಂದರೆ ನಮ್ಮ ಚತುರ್ಭುಜ. ನಮ್ಮ ಚೌಕಕ್ಕೆ ಅವರು ಹೇಳುವುದು 'ಚೌರಸ'. ಕಿವಿಗೆ ಚೌಕೋನ ಬಿದ್ದಾಗ ಮನಸ್ಸಿನಲ್ಲಿ ಚೌಕ ಮೂಡಿದರೆ, ಅಲ್ಲಿಂದ ಮುಂದೆ ಎಲ್ಲವೂ ತಪ್ಪುತ್ತದೆ.

ಇನ್ನೊಂದು ಪದ ನೋಡಿ. ನಾಲ್ಕೂ ಬಾಹು ಸಮ ಇರುವ ಆಕೃತಿಗೆ ಕನ್ನಡ ಪುಸ್ತಕ 'ವಜ್ರಾಕೃತಿ' ಎನ್ನುತ್ತದೆ. ಚಂದದ ಪದ. ಆದರೆ ಕೇಳಿದ ಕೂಡಲೇ ಇಸ್ಪೀಟಿನ ಡೈಮಂಡ್ ಎಲೆ ಕಣ್ಣಿಗೆ ಬರುತ್ತದೆ. ಮರಾಠಿ ಪುಸ್ತಕದಲ್ಲಿ ಇದು 'ಸಮಭುಜ ಚೌಕೋನ'. ಭುಜಗಳು ಸಮ, ಅಷ್ಟೇ. ಒಂದು ಹೆಸರು ಚಿತ್ರ ತೋರಿಸುತ್ತದೆ, ಇನ್ನೊಂದು ಷರತ್ತು ಹೇಳುತ್ತದೆ. 'ಚೌಕ ಒಂದು ವಜ್ರಾಕೃತಿಯಾ?' ಎಂದರೆ ಹುಡುಗಿ ತಲೆ ಅಲ್ಲಾಡಿಸಿದಳು, ಅಲ್ಲವೇ ಅಲ್ಲ. 'ಚೌಕದ ಭುಜಗಳೆಲ್ಲ ಸಮವಾ?' ಎಂದೆ. ಹೌದು ಎಂದಳು. ಹಾಗಾದರೆ ಅದು ಸಮಭುಜ ಚೌಕೋನ ತಾನೇ? ಒಂದು ನಿಮಿಷ ಸುಮ್ಮನಾದಳು. ಈ ವಿಷಯದಲ್ಲಿ ಮರಾಠಿ ಹೆಸರೇ ಮಕ್ಕಳಿಗೆ ಹೆಚ್ಚು ಸಹಾಯ ಮಾಡುತ್ತದೆ ಎಂದು ನನಗೆ ಅನಿಸುತ್ತದೆ.

ಗಣಿತದಲ್ಲಿ ಹೆಸರು ಎಂದರೆ ಬಾಗಿಲಲ್ಲಿ ಕೇಳುವ ಕನಿಷ್ಠ ಷರತ್ತು. ಆಯತದ ಬಾಗಿಲಲ್ಲಿ ಕೇಳುವುದು ಒಂದೇ ಪ್ರಶ್ನೆ: ನಾಲ್ಕೂ ಕೋನ 90 ಡಿಗ್ರಿ ಇದೆಯಾ? ಇದ್ದರೆ ಒಳಗೆ ಬಾ. ನಿನ್ನ ಬಾಹುಗಳು ಸಮ ಇರಬಾರದು ಎಂದು ಅಲ್ಲಿ ಯಾರೂ ಹೇಳುವುದಿಲ್ಲ. ಚೌಕಕ್ಕೆ ನಾಲ್ಕೂ ಕೋನ 90 ಇದೆ. ಅದು ಒಳಗೆ ಹೋಗುತ್ತದೆ. ವಜ್ರಾಕೃತಿಯ ಬಾಗಿಲಲ್ಲಿ ಕೇಳುವುದು ನಾಲ್ಕೂ ಬಾಹು ಸಮವಾ ಎಂದು. ಚೌಕ ಅಲ್ಲಿಗೂ ಹೋಗುತ್ತದೆ.

ನಾನು ಅವಳಿಗೆ ಹೇಳಿದ್ದು ಹೀಗೆ. ಡೊಂಬಿವಲಿಯವರ ಒಂದು ಪಟ್ಟಿ ಮಾಡು. ಕನ್ನಡಿಗರ ಇನ್ನೊಂದು ಪಟ್ಟಿ ಮಾಡು. ಡೊಂಬಿವಲಿಯಲ್ಲಿ ಕನ್ನಡಿಗರಲ್ಲದವರು ಬೇಕಾದಷ್ಟು ಜನ. ಡೊಂಬಿವಲಿಯಲ್ಲಿ ಇಲ್ಲದ ಕನ್ನಡಿಗರು ಕೋಟಿಗಟ್ಟಲೆ. ನೀನು? ನಿನ್ನ ಹೆಸರು ಎರಡೂ ಪಟ್ಟಿಯಲ್ಲಿದೆ. ಅಲ್ಲಿ ಅರ್ಧ, ಇಲ್ಲಿ ಅರ್ಧ ಅಲ್ಲ. ಎರಡರಲ್ಲೂ ಪೂರ್ತಿ. ಆಯತಗಳ ಪಟ್ಟಿಯಲ್ಲೂ ವಜ್ರಾಕೃತಿಗಳ ಪಟ್ಟಿಯಲ್ಲೂ ಪೂರ್ತಿ ಹೆಸರಿರುವವರೇ ಚೌಕಗಳು.

ಅಷ್ಟು ಹೊತ್ತಿಗೆ ನಾನು ಶಂಕರಪೋಳಿಗೆ ಹಿಟ್ಟು ಲಟ್ಟಿಸುತ್ತಿದ್ದೆ. ಲಟ್ಟಣಿಗೆ ಪಕ್ಕಕ್ಕಿಟ್ಟು ಅವಳ ಕೈಗೆ ಚಾಕು ಕೊಟ್ಟೆ. ಮುಂದಿನ ಪಾಠವೆಲ್ಲ ಮಣೆಯ ಮೇಲೆಯೇ ಆಯಿತು.

ಲಟ್ಟಿಸಿದ ಹಿಟ್ಟಿನ ಮೇಲೆ ಮೊದಲು ಒಂದೇ ದಿಕ್ಕಿನಲ್ಲಿ ಸಮಾಂತರ ಗೆರೆಗಳನ್ನು ಕೊಯ್ಯಿ. ಉದ್ದುದ್ದ ಪಟ್ಟಿಗಳಾದವು. ಈಗ ಇನ್ನೊಂದು ದಿಕ್ಕಿನಲ್ಲಿ ಅಡ್ಡ ಕೊಯ್ಯಬೇಕು. ಕೈ ಹೇಗೆ ಬಂದರೆ ಹಾಗೆ, ಒಂದು ಗೆರೆ ಹೀಗೆ, ಇನ್ನೊಂದು ಗೆರೆ ಹಾಗೆ ಎಳೆದೆ ಎಂದುಕೊ. ಮಧ್ಯದಲ್ಲಿ ಬರುವ ತುಂಡಿಗೆ ನಾಲ್ಕು ಬದಿ. ಅದರಲ್ಲಿ ಎದುರು ಬದುರಾದ ಒಂದು ಜೊತೆ ಸಮಾಂತರ, ಇನ್ನೊಂದು ಜೊತೆ ಅಲ್ಲ. ಇದೇ ತ್ರಾಪಿಜ್ಯ. ಮರಾಠಿಯಲ್ಲಿ ಸಮಲಂಬ ಚೌಕೋನ. ಗ್ರೀಕ್ ಭಾಷೆಯಲ್ಲಿ 'ಟ್ರಪೇಜ' ಎಂದರೆ ಮೇಜು, ಅದರಿಂದಲೇ ಟ್ರೆಪೀಜಿಯಂ ಎಂಬ ಹೆಸರು ಹುಟ್ಟಿತು.

ಅಡ್ಡ ಗೆರೆಗಳೂ ಒಂದಕ್ಕೊಂದು ಸಮಾಂತರವಾಗಿ ಬಂದರೆ? ಎರಡು ಜೊತೆಯೂ ಸಮಾಂತರ. ಅದು ಸಮಾಂತರ ಚತುರ್ಭುಜ. ಗೆರೆಗಳ ನಡುವಿನ ಅಂತರ ಎಷ್ಟೇ ಇರಲಿ, ವಾಲು ಎಷ್ಟೇ ಇರಲಿ, ತುಂಡು ಸಮಾಂತರ ಚತುರ್ಭುಜವೇ. ಇಲ್ಲಿಂದ ಮುಂದೆ ಚಾಕು ಹಿಡಿದವರ ಕೈಯಲ್ಲಿ ಎರಡು ಆಯ್ಕೆ ಮಾತ್ರ ಉಳಿಯುತ್ತವೆ.

ಮೊದಲ ಆಯ್ಕೆ, ಅಡ್ಡ ಗೆರೆಯನ್ನು ವಾಲಿಸದೆ ನೇರ 90 ಡಿಗ್ರಿಗೆ ಎಳೆಯುವುದು. ಆಗ ಬರುವುದು ಆಯತ. ಒಂದು ಮೂಲೆ ನೇರವಾದರೆ ಸಾಕು. ಸಮಾಂತರ ಚತುರ್ಭುಜದಲ್ಲಿ ಪಕ್ಕದ ಎರಡು ಕೋನ ಸೇರಿದರೆ 180 ಡಿಗ್ರಿ. ಒಂದು 90 ಆದರೆ ಪಕ್ಕದ್ದೂ 90, ಅದರ ಪಕ್ಕದ್ದೂ 90.

ಎರಡನೇ ಆಯ್ಕೆ, ವಾಲು ಎಷ್ಟಾದರೂ ಇರಲಿ, ಎರಡೂ ದಿಕ್ಕಿನ ಪಟ್ಟಿಗಳ ಅಗಲ ಒಂದೇ ಇಡುವುದು. ಈ ಕಡೆ ಪಟ್ಟಿ 2 ಸೆಂಟಿಮೀಟರ್ ಅಗಲ ಇದ್ದರೆ ಆ ಕಡೆಯದೂ 2. ಆಗ ಬರುವುದು ವಜ್ರಾಕೃತಿ, ನಮ್ಮ ಮಾಮೂಲಿ ಶಂಕರಪೋಳಿ. ಹುಡುಗಿ ತಕ್ಷಣ ಕೇಳಿದಳು, "ಪಟ್ಟಿಯ ಅಗಲ ಸಮ ಇಟ್ಟರೆ ಬಾಹು ಯಾಕೆ ಸಮ ಆಗುತ್ತೆ?" ಈ 'ಯಾಕೆ' ಕೇಳಿ ನನಗೆ ಖುಷಿಯಾಯಿತು. ಸಮಾಂತರ ಚತುರ್ಭುಜದ ವಿಸ್ತೀರ್ಣ ಎಂದರೆ ಪಾದ ಗುಣಿಸು ಎತ್ತರ. ಒಂದೇ ತುಂಡನ್ನು ಎರಡು ರೀತಿ ಅಳೆಯಬಹುದು. ಈ ಬಾಹುವನ್ನು ಪಾದ ಎಂದು ಹಿಡಿದರೆ ಎತ್ತರ ಎಂದರೆ ಒಂದು ಪಟ್ಟಿಯ ಅಗಲ. ಪಕ್ಕದ ಬಾಹುವನ್ನು ಪಾದ ಎಂದು ಹಿಡಿದರೆ ಎತ್ತರ ಇನ್ನೊಂದು ಪಟ್ಟಿಯ ಅಗಲ. ತುಂಡು ಒಂದೇ, ವಿಸ್ತೀರ್ಣ ಒಂದೇ. ಎತ್ತರಗಳೂ ಸಮ ಎಂದ ಮೇಲೆ ಪಾದಗಳು ಸಮ ಇರಲೇಬೇಕು.

ಎರಡೂ ಆಯ್ಕೆಯನ್ನು ಒಟ್ಟಿಗೆ ಮಾಡಿದರೆ, ಅಂದರೆ ನೇರವಾಗಿಯೂ ಕೊಯ್ದು ಅಗಲವೂ ಸಮ ಇಟ್ಟರೆ, ಚೌಕ ಬರುತ್ತದೆ. ಚೌಕ ಮಾಡಲು ಮೂರನೇ ವಿದ್ಯೆ ಏನೂ ಬೇಕಿಲ್ಲ. ಆಯತದ ಷರತ್ತು ಪಾಲಿಸಿದೆವು, ವಜ್ರಾಕೃತಿಯ ಷರತ್ತೂ ಪಾಲಿಸಿದೆವು, ಚೌಕ ತಾನಾಗಿ ಬಂತು. ಹೋದ ಅಂಕದ ಉತ್ತರ ಅವಳ ಕೈಯಲ್ಲೇ ಇತ್ತು.

ಮಣೆಯ ಅಂಚಿನಲ್ಲಿ ಒಂದು ಬದಿ ದುಂಡಾಗಿ ಉಳಿದ ತುಂಡುಗಳು ಇದ್ದವಲ್ಲ, ಅವು ಯಾವುವೂ ಚತುರ್ಭುಜವಲ್ಲ. ನಾಲ್ಕು ಬದಿಯೂ ನೇರ ಗೆರೆಯೇ ಆಗಿರಬೇಕು. ಅವುಗಳನ್ನು ಎಣ್ಣೆಗೆ ಬಿಟ್ಟು ಮೊದಲು ತಿಂದೆವು.

ತ್ರಾಪಿಜ್ಯದ ಬಗ್ಗೆ ಒಂದು ಎಚ್ಚರಿಕೆ. ಕೆಲವು ಪುಸ್ತಕಗಳು 'ಒಂದು ಜೊತೆ ಮಾತ್ರ ಸಮಾಂತರ' ಎನ್ನುತ್ತವೆ. ಕೆಲವು 'ಕನಿಷ್ಠ ಒಂದು ಜೊತೆ ಸಮಾಂತರ' ಎನ್ನುತ್ತವೆ. ಮೊದಲನೆಯ ಮಾತು ಹಿಡಿದರೆ ಸಮಾಂತರ ಚತುರ್ಭುಜ ತ್ರಾಪಿಜ್ಯವಲ್ಲ. ಎರಡನೆಯದನ್ನು ಹಿಡಿದರೆ ಹೌದು. ಇದರಲ್ಲಿ ಸರಿ ತಪ್ಪು ಅನ್ನುವುದಕ್ಕಿಂತ ಒಪ್ಪಂದ ಯಾವುದು ಎನ್ನುವುದು ಮುಖ್ಯ. ಪರೀಕ್ಷೆ ಬರೆಯುವ ಮಕ್ಕಳು ತಮ್ಮ ಪುಸ್ತಕದಲ್ಲಿ 'ಮಾತ್ರ' ಎಂಬ ಪದ ಇದೆಯಾ ಎಂದು ಬೆರಳಿಟ್ಟು ನೋಡಿಕೊಳ್ಳಬೇಕು. ಇನ್ನು ಯೂಟ್ಯೂಬಿನಲ್ಲಿ ಅಮೆರಿಕದ ಪಾಠ ನೋಡುವವರಿಗೆ ಇನ್ನೊಂದು ಗೊಂದಲ. ನಾವು ಟ್ರೆಪೀಜಿಯಂ ಎನ್ನುವುದನ್ನು ಅವರು ಟ್ರೆಪೆಜಾಯ್ಡ್ ಎನ್ನುತ್ತಾರೆ. ಆಕೃತಿ ಅದೇ.

ಅಂದ ಹಾಗೆ, ಹುಡುಗಿಯ ಮೊದಲ ಉತ್ತರಕ್ಕೆ ಬಹಳ ದೊಡ್ಡವರೊಬ್ಬರ ಬೆಂಬಲವಿದೆ. ಕ್ರಿ.ಪೂ. 300ರ ಸುಮಾರಿಗೆ ಗ್ರೀಕ್ ಗಣಿತಜ್ಞ ಯೂಕ್ಲಿಡ್ ಬರೆದ ವ್ಯಾಖ್ಯೆಗಳಲ್ಲಿ ಆಯತ ಎಂದರೆ ಕೋನಗಳು ನೇರ, ಆದರೆ ಬಾಹುಗಳೆಲ್ಲ ಸಮವಲ್ಲ. ವಜ್ರಾಕೃತಿ ಎಂದರೆ ಬಾಹುಗಳು ಸಮ, ಆದರೆ ಕೋನಗಳು ನೇರವಲ್ಲ. ಅಂದರೆ ಅವನು ಒಂದೊಂದನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಹಾಕಿ ಮುಚ್ಚಳ ಮುಚ್ಚಿದ್ದ. ಹಾಗಾದರೆ ನಾವು ಯಾಕೆ ಬದಲಾಯಿಸಿದೆವು? ಕೆಲಸ ಉಳಿಯುತ್ತದೆ, ಅದಕ್ಕೆ. ಸಮಾಂತರ ಚತುರ್ಭುಜದ ಕರ್ಣಗಳು, ಅಂದರೆ ಎದುರು ಮೂಲೆಗಳನ್ನು ಸೇರಿಸುವ ಗೆರೆಗಳು, ಒಂದನ್ನೊಂದು ಅರ್ಧ ಮಾಡುತ್ತವೆ ಎಂದು ಒಮ್ಮೆ ಸಾಧಿಸಿದರೆ ಆಯತಕ್ಕೆ, ವಜ್ರಾಕೃತಿಗೆ, ಚೌಕಕ್ಕೆ ಮತ್ತೆ ಸಾಧಿಸಬೇಕಿಲ್ಲ. ಅವೆಲ್ಲ ಅದರ ಒಳಗೇ ಇವೆ. ಬೇರೆ ಬೇರೆ ಡಬ್ಬಿಯಲ್ಲಿಟ್ಟರೆ ಅದೇ ಮಾತನ್ನು ನಾಲ್ಕು ಸಲ ಹೇಳಬೇಕಾಗುತ್ತದೆ.

ಕರ್ಣಗಳ ಮಾತು ಬಂತು. ನನ್ನನ್ನು ಕೇಳಿದರೆ ಚತುರ್ಭುಜವನ್ನು ಗುರುತು ಹಿಡಿಯಲು ಬಾಹುಗಳಿಗಿಂತ ಕರ್ಣಗಳೇ ಒಳ್ಳೆಯ ದಾರಿ. ಹಿಡಿಸೂಡಿಯ ಎರಡು ಕಡ್ಡಿ ತೆಗೆದುಕೊಳ್ಳಿ. ಒಂದರ ಮೇಲೊಂದು ಅಡ್ಡ ಇಟ್ಟು ನಾಲ್ಕು ತುದಿಗಳನ್ನು ಗೆರೆಯಿಂದ ಸೇರಿಸಿ. ಎರಡೂ ಕಡ್ಡಿ ನಟ್ಟನಡುವೆ ದಾಟಿದರೆ ಸಮಾಂತರ ಚತುರ್ಭುಜ. ನಡುವೆ ದಾಟಿ ಕಡ್ಡಿಗಳ ಉದ್ದವೂ ಸಮ ಇದ್ದರೆ ಆಯತ. ನಡುವೆ ದಾಟಿ, ಉದ್ದ ಬೇರೆಯಾಗಿದ್ದರೂ 90 ಡಿಗ್ರಿಯಲ್ಲಿ ದಾಟಿದರೆ ವಜ್ರಾಕೃತಿ. ಉದ್ದವೂ ಸಮ, ದಾಟುವುದೂ 90 ಎಂದರೆ ಚೌಕ. ಇಲ್ಲಿಯೂ ಅದೇ ಕತೆ, ಎರಡು ಷರತ್ತು ಕೂಡಿದಲ್ಲಿ ಚೌಕ.

'ನಡುವೆ ದಾಟಿದರೆ' ಎನ್ನುವ ಮಾತನ್ನು ಮರೆಯಬಾರದು. ಕರ್ಣಗಳು ಸಮ ಎಂದ ಮಾತ್ರಕ್ಕೆ ಆಯತ ಆಗಿಬಿಡುವುದಿಲ್ಲ. ವಾಲಿದ ಎರಡು ಬದಿಗಳು ಸಮ ಇರುವ ತ್ರಾಪಿಜ್ಯದಲ್ಲೂ ಕರ್ಣಗಳು ಸಮ ಇರುತ್ತವೆ, ಆದರೆ ನಡುವೆ ದಾಟುವುದಿಲ್ಲ. ಹಾಗೆಯೇ ಎದುರು ಬದಿಗಳು ಸಮ ಎಂದ ಮಾತ್ರಕ್ಕೂ ಆಯತ ಆಗುವುದಿಲ್ಲ. ಇದು ನನಗೆ ಚೆನ್ನಾಗಿ ನೆನಪಿರಲು ಕಾರಣ ನಮ್ಮ ಮನೆಯ ಕಿಟಕಿ. ಕೆಲವು ವರ್ಷದ ಹಿಂದೆ ಹೊಸ ಚೌಕಟ್ಟು ಕೂರಿಸಿದರು. ಎದುರು ಬದುರಿನ ಅಳತೆ ಎಲ್ಲ ಸರಿ ಇತ್ತು. ಆದರೂ ಬಾಗಿಲು ಮುಚ್ಚಲಿಲ್ಲ. ಮಳೆಗಾಲ ಪೂರ್ತಿ ನೀರು ಒಳಗೆ. ಆಮೇಲೆ ಬಂದ ಇನ್ನೊಬ್ಬ ಬಡಗಿ ಟೇಪನ್ನು ಮೂಲೆಯಿಂದ ಮೂಲೆಗೆ ಹಿಡಿದ. ಒಂದು ಕರ್ಣ ಜಾಸ್ತಿ, ಇನ್ನೊಂದು ಕಡಿಮೆ. ನಮ್ಮ ಕಿಟಕಿ ಆಯತವಾಗಿರಲಿಲ್ಲ, ಸ್ವಲ್ಪ ವಾಲಿದ ಸಮಾಂತರ ಚತುರ್ಭುಜವಾಗಿತ್ತು. ಮೂಲೆಮಟ್ಟವನ್ನು ಇಲ್ಲಿಯವರು ಗುಣ್ಯಾ ಎನ್ನುತ್ತಾರೆ. ಅದು ಚಿಕ್ಕ ಮೂಲೆಗೆ ಸಾಕು. ದೊಡ್ಡ ಚೌಕಟ್ಟಿಗೆ ಎದುರು ಬದಿಗಳನ್ನು ಮೊದಲು ಸಮ ಮಾಡಿ, ಆಮೇಲೆ ಕರ್ಣಗಳನ್ನು ಸಮ ಮಾಡಬೇಕು. 4 ಅಡಿ ಉದ್ದ, 3 ಅಡಿ ಅಗಲದ ಚೌಕಟ್ಟಾದರೆ ಎರಡೂ ಕರ್ಣ ಸರಿಯಾಗಿ 5 ಅಡಿ ಬರಬೇಕು.

ವಾಲುವುದು ಎಂದರೆ ಏನು ಎಂದು ನೋಡಬೇಕಾದರೆ ಹಳೆಯ ಕಟ್ಟಡಗಳ ಲಿಫ್ಟಿಗೆ ಹೋಗಿ. ಕಬ್ಬಿಣದ ಪಟ್ಟಿಗಳನ್ನು ಅಡ್ಡಡ್ಡ ಜೋಡಿಸಿದ, ಎಳೆದರೆ ಮುಚ್ಚುವ ಜಾಳಿ ಬಾಗಿಲು ಇರುತ್ತದಲ್ಲ, ಅದರಲ್ಲಿ ಸಾಲು ಸಾಲು ವಜ್ರಾಕೃತಿ. ಬಾಗಿಲು ಸರಿಸಿದಾಗ ಪಟ್ಟಿಯ ಉದ್ದ ಬದಲಾಗುವುದಿಲ್ಲ. ಕೋನ ಮಾತ್ರ ಬದಲಾಗುತ್ತದೆ. ಒಮ್ಮೆ ಸಪೂರ, ಒಮ್ಮೆ ಅಗಲ. ಕೋನ 90 ಆದ ಕ್ಷಣ ಅದೇ ವಜ್ರಾಕೃತಿ ಚೌಕ. ಆ ಕ್ಷಣದಲ್ಲಿ ಅದು ವಜ್ರಾಕೃತಿ ಆಗಿರುವುದನ್ನು ಬಿಟ್ಟುಬಿಡುತ್ತದಾ? ಇಲ್ಲವಲ್ಲ. ಮೂರು ಪಟ್ಟಿಗಳ ತ್ರಿಕೋನ ಹೀಗೆ ಅಲುಗಾಡುವುದಿಲ್ಲ. ಮೂರು ಬಾಹು ಗೊತ್ತಾದರೆ ಆಕಾರ ಗಟ್ಟಿಯಾಯಿತು. ನಾಲ್ಕು ಬಾಹು ಗೊತ್ತಾದರೂ ಚತುರ್ಭುಜ ಗಟ್ಟಿಯಾಗುವುದಿಲ್ಲ.

ಈ ಅಲುಗಾಟ ನಮ್ಮ ಹಳೆಯ ಗಣಿತಜ್ಞರನ್ನೂ ಕಾಡಿದೆ. 9ನೇ ಶತಮಾನದಲ್ಲಿ, ಮಾನ್ಯಖೇಟದಿಂದ ಆಳಿದ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ಬರೆದರು. ಮಾನ್ಯಖೇಟ ಎಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಆ ರಾಜ್ಯದಲ್ಲಿ ಇಂದಿನ ಮಹಾರಾಷ್ಟ್ರದ ಬಹುಭಾಗವೂ ಸೇರಿತ್ತು. ಮಹಾವೀರಾಚಾರ್ಯರು ಚತುರ್ಭುಜವನ್ನು ಐದು ಬಗೆ ಮಾಡುತ್ತಾರೆ: ನಾಲ್ಕೂ ಬಾಹು ಸಮ ಇರುವ ಸಮ, ಎದುರು ಬದುರಿನ ಜೊತೆಗಳು ಸಮ ಇರುವ ದ್ವಿದ್ವಿಸಮ, ಎರಡು ಬಾಹು ಸಮ ಇರುವ ದ್ವಿಸಮ, ಮೂರು ಸಮ ಇರುವ ತ್ರಿಸಮ, ಯಾವುದೂ ಸಮವಲ್ಲದ ವಿಷಮ. ಅವರು ಬಾಹುಗಳನ್ನು ನೋಡಿ ವಿಂಗಡಿಸಿದರು. ನಾವು ಇಂದು ಸಮಾಂತರವನ್ನೂ ಕೋನವನ್ನೂ ಸೇರಿಸಿ ವಿಂಗಡಿಸುತ್ತೇವೆ. ಏನನ್ನು ನೋಡುತ್ತೇವೆಯೋ ಅದರ ಮೇಲೆ ಗುಂಪು ಬದಲಾಗುತ್ತದೆ.

1150ರಲ್ಲಿ 'ಲೀಲಾವತಿ' ಬರೆದ ಭಾಸ್ಕರಾಚಾರ್ಯರಂತೂ ಈ ವಿಷಯದಲ್ಲಿ ಸಿಟ್ಟೇ ಮಾಡಿಕೊಂಡಿದ್ದಾರೆ. ಲಂಬವನ್ನೋ ಕರ್ಣವನ್ನೋ ಹೇಳದೆ, ಬರೀ ನಾಲ್ಕು ಬಾಹು ಕೊಟ್ಟು ಚತುರ್ಭುಜದ ವಿಸ್ತೀರ್ಣ ಕೇಳುವವನು ಪಿಶಾಚಿ, ಅದಕ್ಕೆ ಉತ್ತರ ಹೇಳಹೊರಟವನು ಅವನಿಗಿಂತ ದೊಡ್ಡ ಪಿಶಾಚಿ ಎನ್ನುತ್ತಾರೆ. ಲೆಕ್ಕ ಮಾಡಿ ನೋಡಿದರೆ ಅವರ ಸಿಟ್ಟು ಅರ್ಥವಾಗುತ್ತದೆ. ಪ್ರತಿ ಬಾಹುವೂ 25 ಇರುವ ವಜ್ರಾಕೃತಿ ತೆಗೆದುಕೊಳ್ಳಿ. ಅದರ ಕರ್ಣಗಳು 30 ಮತ್ತು 40 ಇರಬಹುದು. ಆಗ ವಿಸ್ತೀರ್ಣ ಕರ್ಣಗಳ ಗುಣಲಬ್ಧದ ಅರ್ಧ, ಅಂದರೆ 600. ಕರ್ಣಗಳು 14 ಮತ್ತು 48 ಕೂಡ ಇರಬಹುದು. ಆಗ ವಿಸ್ತೀರ್ಣ 336. ಕೋನ 90 ಆದರೆ ಚೌಕ, ವಿಸ್ತೀರ್ಣ 625. ಬಾಹುಗಳು ಎಲ್ಲದರಲ್ಲೂ 25 ಮಾತ್ರ. ಅದಕ್ಕೂ ಬಹಳ ಹಿಂದೆ, 628ರಲ್ಲಿ, ಬ್ರಹ್ಮಗುಪ್ತರು ಬರೀ ಬಾಹುಗಳಿಂದ ವಿಸ್ತೀರ್ಣ ಹೇಳುವ ಸೂತ್ರ ಕೊಟ್ಟಿದ್ದರು. ಅದು ನಿಖರವಾಗಿ ಹೊಂದುವುದು ನಾಲ್ಕೂ ಮೂಲೆ ಒಂದೇ ವೃತ್ತದ ಮೇಲೆ ಕೂರುವ ಚತುರ್ಭುಜಕ್ಕೆ, ಅಂದರೆ ಚಕ್ರೀಯ ಚತುರ್ಭುಜಕ್ಕೆ. ಅದೇ ನಾಲ್ಕು ಬಾಹುಗಳಿಂದ ಸಾಧ್ಯವಾಗುವ ಅತಿ ದೊಡ್ಡ ವಿಸ್ತೀರ್ಣವೂ ಅದೇ. ನಮ್ಮ 25ರ ವಜ್ರಾಕೃತಿಯಲ್ಲಿ ಅದು ಚೌಕದ 625.

ಒಂದು ಆಕೃತಿ ಚಾಕುವಿನ ಸಮಾಂತರ ಗೆರೆಗಳಿಗೆ ಸಿಗದೆ ಉಳಿದಿತ್ತು. ಅದು ಪತಂಗ, ಅಂದರೆ ಗಾಳಿಪಟ. ಕಾಗದವನ್ನು ಮಡಿಸಿ ಒಂದು ತ್ರಿಕೋನ ಕತ್ತರಿಸಿ ಬಿಡಿಸಿದರೆ ಮಡಿಕೆಯ ಎರಡು ಕಡೆಯೂ ಒಂದೇ ಥರ ಇರುತ್ತದಲ್ಲ, ಹಾಗೆ. ಇಲ್ಲಿ ಎದುರು ಬದುರು ಬಾಹುಗಳಲ್ಲ, ಪಕ್ಕ ಪಕ್ಕದ ಬಾಹುಗಳು ಜೊತೆ ಜೊತೆಯಾಗಿ ಸಮ. ಕರ್ಣಗಳು 90 ಡಿಗ್ರಿಯಲ್ಲಿ ದಾಟುತ್ತವೆ. ಮಡಿಕೆಯ ಗೆರೆ ಇನ್ನೊಂದು ಕರ್ಣವನ್ನು ಅರ್ಧ ಮಾಡುತ್ತದೆ. ತಾನು ಅರ್ಧ ಆಗಬೇಕೆಂದೇನಿಲ್ಲ. ತಾನೂ ಅರ್ಧವಾದರೆ ಪತಂಗವೇ ವಜ್ರಾಕೃತಿಯಾಗುತ್ತದೆ. ಮಕ್ಕಳಿಗೆ ಇಲ್ಲೊಂದು ಸ್ವಾರಸ್ಯ ತೋರಿಸಬಹುದು. ಸಂಕ್ರಾಂತಿಗೆ ನಮ್ಮ ಟೆರೇಸಿನಲ್ಲಿ ಹಾರುವ ಕಾಗದದ ಪತಂಗ ಪುಸ್ತಕದ ಪತಂಗದ ಹಾಗೆ ಕೆಳಗೆ ಉದ್ದವಾಗಿರುವುದಿಲ್ಲ. ಅದು ಹೆಚ್ಚುಕಡಿಮೆ ಒಂದು ಚೌಕ, ಮೂಲೆಯ ಮೇಲೆ ನಿಂತಿದೆ. ಹಾಗೆಂದು ಅದು ಪತಂಗವಲ್ಲ ಎನ್ನುವಂತಿಲ್ಲ. ಪಕ್ಕದ ಬಾಹುಗಳು ಜೊತೆ ಜೊತೆಯಾಗಿ ಸಮ ಇವೆ, ಷರತ್ತು ಮುಗಿಯಿತು. ತಿರುಗಿಸಿ ನಿಲ್ಲಿಸಿದ ಮಾತ್ರಕ್ಕೆ ಚೌಕ ಚೌಕವಲ್ಲದೆ ಹೋಗುವುದೂ ಇಲ್ಲ.

ಇಷ್ಟೆಲ್ಲ ಆದಮೇಲೆ ಹುಡುಗಿ ಕೇಳಿದಳು, "ಯಾವ ಗುಂಪಿಗೂ ಸೇರದ ಚತುರ್ಭುಜಕ್ಕೆ ಏನೂ ಗುಣವೇ ಇಲ್ವಾ?" ಇದೆ. ಒಂದು ಎಲ್ಲರಿಗೂ ಗೊತ್ತು. ಯಾವುದೇ ಚತುರ್ಭುಜವನ್ನು ಕರ್ಣದ ಮೇಲೆ ಕೊಯ್ದರೆ ಎರಡು ತ್ರಿಕೋನ. ಒಂದೊಂದರಲ್ಲಿ 180 ಡಿಗ್ರಿ. ಒಟ್ಟು 360. ಇನ್ನೊಂದು ಅಷ್ಟಾಗಿ ಯಾರೂ ಹೇಳಿಕೊಡುವುದಿಲ್ಲ. ನೀವೂ ಒಂದು ಹಾಳೆ ತೆಗೆದುಕೊಳ್ಳಿ. ಎಷ್ಟು ಸೊಟ್ಟ ಬೇಕೋ ಅಷ್ಟು ಸೊಟ್ಟ ಚತುರ್ಭುಜ ಬರೆಯಿರಿ. ನಾಲ್ಕು ಬಾಹುಗಳ ಮಧ್ಯಬಿಂದು ಗುರುತಿಸಿ, ಅವುಗಳನ್ನು ಸಾಲಾಗಿ ಸೇರಿಸಿ. ಒಳಗೆ ಬರುವುದು ಪ್ರತಿ ಸಲವೂ ಸಮಾಂತರ ಚತುರ್ಭುಜ. ಫ್ರಾನ್ಸಿನ ಪಿಯರ್ ವಾರಿನ್ಯೋ ಕಂಡುಕೊಂಡ ಈ ಮಾತು ಅವರು ತೀರಿಕೊಂಡ ಮೇಲೆ, 1731ರಲ್ಲಿ, ಅಚ್ಚಾಯಿತು. ಕಾರಣ ಸುಲಭ. ತ್ರಿಕೋನದಲ್ಲಿ ಎರಡು ಬಾಹುಗಳ ಮಧ್ಯಬಿಂದು ಸೇರಿಸಿದ ಗೆರೆ ಮೂರನೇ ಬಾಹುವಿಗೆ ಸಮಾಂತರ, ಉದ್ದದಲ್ಲಿ ಅದರ ಅರ್ಧ. ಇಲ್ಲಿ ಆ ಮೂರನೇ ಬಾಹು ಎಂದರೆ ಕರ್ಣ. ಒಳಗಿನ ಎದುರು ಬದುರಿನ ಎರಡೆರಡು ಗೆರೆಗಳು ಒಂದೊಂದು ಕರ್ಣಕ್ಕೆ ಸಮಾಂತರ.

ಹೊರಗಿನ ಕರ್ಣಗಳು ಸಮ ಇದ್ದರೆ ಒಳಗೆ ವಜ್ರಾಕೃತಿ. 90 ಡಿಗ್ರಿಯಲ್ಲಿ ದಾಟಿದರೆ ಒಳಗೆ ಆಯತ. "ಎರಡೂ ಇದ್ದರೆ ಒಳಗೆ ಚೌಕ, ಆಗ ಹೊರಗಿನದೂ ಚೌಕವೇ ಇರಬೇಕಲ್ವಾ?" ಎಂದಳು. ನಾನು ಹಿಡಿಸೂಡಿಯಿಂದ ಸಮ ಉದ್ದದ ಎರಡು ಕಡ್ಡಿ ಮುರಿದುಕೊಟ್ಟೆ. ನೇರವಾಗಿ ಅಡ್ಡ ಇಟ್ಟಳು, ಆದರೆ ನಡುವಿನಲ್ಲಿ ಅಲ್ಲ, ಎರಡನ್ನೂ ಒಂದೊಂದು ತುದಿಯ ಹತ್ತಿರ, ತುದಿಯಿಂದ ಸಮ ದೂರದಲ್ಲಿ ದಾಟಿಸಿ. ತುದಿಗಳನ್ನು ಸೇರಿಸಿದಾಗ ಹೊರಗೆ ಬಂದದ್ದು ಚೌಕವಲ್ಲ, ತ್ರಾಪಿಜ್ಯ. ಅದರ ಮಧ್ಯಬಿಂದುಗಳನ್ನು ಸೇರಿಸಿ ಸ್ಕೇಲು ಹಿಡಿದು ಅಳೆದಳು. ಒಳಗಿನದು ಚೌಕವೇ ಆಗಿತ್ತು.